ಟರ್ಬೊ ಹ್ಯಾಚ್‌ಬ್ಯಾಕ್ ಎದುರು ಸಾದಾ ಪೆಟ್ರೋಲ್: ಹುಬ್ಬಳ್ಳಿ-ಧಾರವಾಡದ ದಾರಿಯಲ್ಲಿ ಎರಡನ್ನೂ ಓಡಿಸಿದ ಮೇಲೆ

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ, ಅಣ್ಣಿಗೇರಿಯ ಹತ್ತಿರ ಒಂದಿಷ್ಟು ಹೊಲ ಇರುವ ನನ್ನಂಥವನಿಗೆ ಒಂದು ಲೀಟರಿನ ಟರ್ಬೊ ಹ್ಯಾಚ್‌ಬ್ಯಾಕಿಗಿಂತ 1.2 ಲೀಟರಿನ, ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಗಾಡಿಯೇ ಮೇಲು ಎಂದು ಮೊದಲೇ ಹೇಳಿಬಿಡುತ್ತೇನೆ. ಟರ್ಬೊ ನನ್ನದು, ಸಾದಾ ಗಾಡಿ ಗದಗಿನಲ್ಲಿರುವ ಅಣ್ಣನದು. ನನ್ನದು ವರ್ಕ್‌ಶಾಪಿನಲ್ಲಿ ನಿಂತಾಗಲೆಲ್ಲ ಅಣ್ಣನ ಗಾಡಿ ನನ್ನ ಕೈಗೆ ಬರುತ್ತಿದ್ದುದರಿಂದ, ಎರಡನ್ನೂ ಅದೇ ದಾರಿಗಳಲ್ಲಿ, ಅದೇ ಹೊರೆ ಹೊತ್ತು ಓಡಿಸಿ ನೋಡಲು ಸಾಧ್ಯವಾಯಿತು. ಎರಡೂ ಗಾಡಿಗಳ ಹೆಸರನ್ನು ಬರೆಯುತ್ತಿಲ್ಲ; ನನ್ನ ತಕರಾರು ಒಂದು ಗಾಡಿ ಮತ್ತು ಒಂದು ವರ್ಕ್‌ಶಾಪಿಗೆ ಸಂಬಂಧಿಸಿದ್ದು, ಆ ಮಾದರಿಯನ್ನು ಕೊಂಡವರೆಲ್ಲರ ಅನುಭವವೂ ಹೀಗೇ ಇರಬೇಕೆಂದಿಲ್ಲ.

ಇಷ್ಟು ಚಿಕ್ಕ ಎಂಜಿನ್ನಿಗೆ ಟರ್ಬೊ ಏಕೆ ಬಂತೆಂದರೆ, ಅದಕ್ಕೆ ಮುಖ್ಯ ಕಾರಣ ತೆರಿಗೆ. ಉದ್ದ ನಾಲ್ಕು ಮೀಟರ್ ಮೀರದ, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದ ಗಾಡಿಗೆ ನಮ್ಮಲ್ಲಿ ಕಡಿಮೆ ತೆರಿಗೆ; 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಶೇ. 18ರ ಜಿಎಸ್‌ಟಿ ಇದೆ. ಆ ಗೆರೆ ದಾಟದೆ ಹೆಚ್ಚಿನ ಎಳೆತ ಬೇಕೆಂದರೆ, ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು ಸುಲಭದ ಉಪಾಯ. ಸಾದಾ 1.2 ಲೀಟರಿನ ಎಂಜಿನ್ 110-115 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, ಕೊಡುವಲ್ಲಿ, ಒಂದು ಲೀಟರಿನ ಟರ್ಬೊ 170ರ ಆಸುಪಾಸಿಗೆ ಹೋಗುತ್ತದೆ, ಅದೂ 2000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಒಳಗೆಯೇ.

ಈ ಎಳೆತ ಸುಳ್ಳಲ್ಲ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಹೋಗಿ ಮರಳುವಾಗ, ನಾಲ್ಕು ಜನ ಕುಳಿತು ಎಸಿ ಹಾಕಿಕೊಂಡು ಘಟ್ಟ ಹತ್ತುತ್ತಿದ್ದರೂ ಟರ್ಬೊ ಗೇರ್ ಇಳಿಸಲು ಕೇಳುವುದಿಲ್ಲ. ಅಣ್ಣನ ಗಾಡಿಯಲ್ಲಿ ಅದೇ ತಿರುವುಗಳಲ್ಲಿ ಎರಡನೇ ಗೇರಿಗೆ ಇಳಿದು ಎಂಜಿನ್ ಕೂಗಿಸಬೇಕಾಗುತ್ತದೆ. ಹೆದ್ದಾರಿಯಲ್ಲಿ ಲಾರಿಗಳ ಸಾಲನ್ನು ದಾಟುವಾಗಲೂ ಅಷ್ಟೇ. ಆದರೆ ನಾನು ಘಟ್ಟಕ್ಕೆ ಹೋಗುವುದು ಅಪರೂಪ, ಹುಬ್ಬಳ್ಳಿಗೆ ಹೋಗುವುದು ದಿನವೂ.

ಆ ದಿನದ ದಾರಿಯ ಸ್ವರೂಪ ಇಲ್ಲಿಯವರಿಗೆ ಗೊತ್ತು. ರಸ್ತೆಯ ನಡುಭಾಗ ಚಿಗರಿ ಎಂಬ ತ್ವರಿತ ಬಸ್ಸುಗಳಿಗೆ ಮೀಸಲು. ಉಳಿದವರೆಲ್ಲ ಬದಿಯ ಲೇನುಗಳಲ್ಲಿ ಆಟೊ, ಟ್ರ್ಯಾಕ್ಟರು, ಬೈಕುಗಳ ನಡುವೆ ನುಸುಳುತ್ತ, ಉಣಕಲ್ ಮತ್ತು ವಿದ್ಯಾನಗರದ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗಬೇಕು. ಇಲ್ಲಿ ಎಂಜಿನ್ 1500 ಆರ್‌ಪಿಎಂ ದಾಟುವ ಪ್ರಸಂಗವೇ ಕಡಿಮೆ. ಆ ಮಟ್ಟದಲ್ಲಿ ಟರ್ಬೊ ಎಚ್ಚೆತ್ತಿರುವುದಿಲ್ಲವಾದ್ದರಿಂದ ಗಾಡಿಯನ್ನು ಎಳೆಯುವುದು ಬರೀ ಮೂರು ಸಿಲಿಂಡರಿನ ಒಂದು ಲೀಟರ್ ಎಂಜಿನ್; ಅರ್ಧ ಕ್ಲಚ್ಚಿನಲ್ಲಿ ತೆವಳಿಸುತ್ತ ಸ್ವಲ್ಪ ಹೆಚ್ಚು ಆಕ್ಸಿಲರೇಟರ್ ಕೊಟ್ಟರೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಸಾದಾ ಗಾಡಿ ಕಾಲು ಎಷ್ಟು ಒತ್ತಿದೆವೋ ಅಷ್ಟೇ ಚಲಿಸುತ್ತದೆ. ಮೈಲೇಜಿನಲ್ಲೂ ಈ ದಾರಿಯಲ್ಲಿ ಅಣ್ಣನ ಗಾಡಿಯೇ ಮುಂದು.

ಇನ್ನು ನನ್ನ ತಲೆ ತಿಂದ ದೋಷದ ವಿಚಾರ. ಗಾಡಿ ಹೊಸದಿರುವಾಗಲೇ, ಏರಿನಲ್ಲಿ ಮೂರನೇ ಗೇರಿನಲ್ಲಿದ್ದು ಜೋರಾಗಿ ಕಾಲೊತ್ತಿದರೆ ಮುಂಭಾಗದಿಂದ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿನ ವಾಲ್ವ್ ಬಿಚ್ಚಿದಾಗ ಬರುವಂಥ ಸುಯ್ಯೆನ್ನುವ ಸದ್ದು ಕೇಳತೊಡಗಿತು. ಕೆಲವು ದಿನಗಳ ನಂತರ ಸದ್ದಿನ ಹಿಂದೆಯೇ ಎಂಜಿನ್ ದೀಪ ಹತ್ತಿ, ಗಾಡಿ ಬಲ ಕಳೆದುಕೊಂಡು, ಕಾಲು ಪೂರ್ತಿ ಒತ್ತಿದರೂ ವೇಗ ಏರದಂತಾಯಿತು. ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ಬಲ ಮರಳುತ್ತಿತ್ತು. ದೀಪ ಮಾತ್ರ ಕೆಲವು ದಿನ ಉರಿದು, ದೋಷ ಮರುಕಳಿಸದಿದ್ದರೆ ತಾನಾಗಿಯೇ ಆರಿಹೋಗುತ್ತಿತ್ತು. ವರ್ಕ್‌ಶಾಪಿಗೆ ಸಮಯ ಸಿಕ್ಕಿ ಗಾಡಿ ಒಯ್ಯುವಷ್ಟರಲ್ಲಿ ಅದು ಆರಿರುತ್ತಿದ್ದುದೇ ನನ್ನ ದುರದೃಷ್ಟ.

"ಸ್ಕ್ಯಾನರ್ ಹಚ್ಚಿ ನೋಡೇವ್ರಿ ಸರ, ಏನೂ ತೋರ್ಸವಲ್ದು" ಎಂದು ಸರ್ವಿಸ್ ಅಡ್ವೈಸರ್ ಹೇಳಿದರು. ಜಾಬ್ ಕಾರ್ಡಿನಲ್ಲಿ "ದೋಷ ಕಂಡುಬಂದಿಲ್ಲ" ಎಂದು ಬಂತು. ಮುಂದಿನ ಸಲ, "ಟರ್ಬೊ ಗಾಡಿ ಅಂದಮ್ಯಾಲ ಸ್ವಲ್ಪ ಸೀಟಿ ಹೊಡಿಯೋದು ಇದ್ದದ್ದರಿ" ಎಂಬ ಸಮಾಧಾನ ಸಿಕ್ಕಿತು. ಅದರ ಮುಂದಿನ ಸಲ ತಪ್ಪು ಪೆಟ್ರೋಲಿನ ಮೇಲೆ ಹೋಯಿತು. ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಇದು ಎಲ್ಲ ರೋಗಕ್ಕೂ ಹೇಳುವ ಕಾರಣವಾಗಿಬಿಟ್ಟಿದೆ. ಬಳಿಕ ಕಂಪನಿಯಿಂದ ಅನುಮತಿ ತರಿಸಿ, ಬಿಡಿಭಾಗ ಬರುವವರೆಗೆ ಕಾಯಿಸಿ, ಒತ್ತಡ ಅಳೆಯುವ ಸೆನ್ಸರ್ ಬದಲಿಸಿದರು. ಗಾಡಿ ಬಿಡಿಸಿಕೊಂಡು ಬಂದ ವಾರದಲ್ಲೇ ಸದ್ದು, ದೀಪ ಎರಡೂ ಮತ್ತೆ ಹಾಜರಾದವು.

ಈ ನಡುವೆ ಗೆಳೆಯನೊಬ್ಬನ ಬಳಿ ಇದ್ದ ಬ್ಲೂಟೂತ್ ಸ್ಕ್ಯಾನರನ್ನು ಸ್ಟೇರಿಂಗಿನ ಕೆಳಗಿರುವ, ಗಾಡಿಯ ದೋಷ ಓದಲು ಬಳಸುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿಕೊಂಡು ಓಡಿಸತೊಡಗಿದೆ. ದೀಪ ಹತ್ತಿದ ಕೂಡಲೇ ಮೊಬೈಲಿನಲ್ಲಿ ಮೂಡಿದ ಸಂಖ್ಯೆ ಪಿ0299. ಟರ್ಬೊ ಕೊಡಬೇಕಾದಷ್ಟು ಗಾಳಿಯೊತ್ತಡ ಬರುತ್ತಿಲ್ಲ ಎಂಬುದಕ್ಕೆ ಎಲ್ಲ ಕಂಪನಿಗಳ ಗಾಡಿಗಳಲ್ಲೂ ಬಳಸುವ ಸಂಕೇತ ಅದು. ಒತ್ತಿದ ಗಾಳಿ ಕಾದಿರುವುದರಿಂದ, ಮುಂದಿನ ಬಂಪರಿನ ಹಿಂದಿರುವ ಇಂಟರ್‌ಕೂಲರಿನಲ್ಲಿ ತಣ್ಣಗಾಗಿ, ದಪ್ಪ ರಬ್ಬರ್ ಕೊಳವೆಗಳ ಮೂಲಕ ಎಂಜಿನ್ ಸೇರಬೇಕು. ಆ ದಾರಿಯಲ್ಲಿ ಎಲ್ಲಿಯಾದರೂ ಸೋರಿಕೆಯಿದ್ದರೆ ಒತ್ತಡ ಬೀಳುತ್ತದೆ, ಗಾಡಿಯ ಕಂಪ್ಯೂಟರ್ ಎಂಜಿನ್ನಿಗೆ ಅಪಾಯವಾಗಬಾರದೆಂದು ಶಕ್ತಿಯನ್ನು ಕಡಿತಗೊಳಿಸುತ್ತದೆ. ಮೆಕ್ಯಾನಿಕ್‌ಗಳು ಲಿಂಪ್ ಮೋಡ್ ಎನ್ನುವುದು ಇದನ್ನೇ. ನಿಂತ ಗಾಡಿಯಲ್ಲಿ ಎಂಜಿನ್ನಿನ ಮೇಲೆ ಹೊರೆ ಇರುವುದಿಲ್ಲವಾದ್ದರಿಂದ ಆ ಒತ್ತಡವೇ ಹುಟ್ಟುವುದಿಲ್ಲ. ವರ್ಕ್‌ಶಾಪಿನ ಅಂಗಳದಲ್ಲಿ ಬಾನೆಟ್ ಎತ್ತಿ ಎಷ್ಟು ಹೊತ್ತು ಎಂಜಿನ್ ಓಡಿಸಿದರೂ ಸೋರಿಕೆ ಕಾಣದಿದ್ದುದಕ್ಕೆ ಅದೇ ಕಾರಣ.

ಜಾಗ ತೋರಿಸಿಕೊಟ್ಟದ್ದು ನಮ್ಮ ಎರೆಮಣ್ಣು. ಹೊಲದ ದಾರಿಯಲ್ಲಿ ಓಡಾಡಿದ ಗಾಡಿಯ ಕೆಳಭಾಗಕ್ಕೆಲ್ಲ ಒಣ ಧೂಳು ತೆಳುವಾಗಿ ಕೂತಿತ್ತು. ಟಾರ್ಚ್ ಹಿಡಿದು ಬಾಗಿ ನೋಡಿದರೆ, ಇಂಟರ್‌ಕೂಲರಿಗೆ ಕೊಳವೆ ಸೇರುವ ಕಡೆ, ಕ್ಲಿಪ್ಪಿನ ಸುತ್ತ ಮಾತ್ರ ಅದು ಒಣಗಿರಲಿಲ್ಲ; ಎಣ್ಣೆ ಕುಡಿದು ಕಪ್ಪು ಮೇಣದಂತೆ ಉಂಗುರ ಕಟ್ಟಿತ್ತು, ಬೆರಳಿಗೆ ಜಿಡ್ಡು ಅಂಟಿತು. ಎಂಜಿನ್ನಿನ ಒಳಗಿನ ಎಣ್ಣೆಯ ಆವಿ ಸ್ವಲ್ಪ ಪ್ರಮಾಣದಲ್ಲಿ ಈ ಕೊಳವೆಗಳಲ್ಲಿ ಗಾಳಿಯೊಂದಿಗೆ ಹರಿಯುವುದು ಸಹಜ. ಗಾಳಿ ಹೊರಬೀಳುವ ಕಡೆ ಅದೂ ಹೊರಬಿದ್ದು ಧೂಳನ್ನು ಹಿಡಿದಿಡುತ್ತದೆ. ಬಿಡಿಸಿ ನೋಡುವ ಆಸೆಯಾದರೂ ಕೈ ಹಚ್ಚಲಿಲ್ಲ, ಹೊರಗಿನವರು ಬಿಚ್ಚಿದ ಗುರುತು ಸಿಕ್ಕರೆ ವಾರಂಟಿ ನಿರಾಕರಿಸಲು ಅದೊಂದು ನೆಪವಾಗುತ್ತಿತ್ತು.

ಫೋಟೊ ಮತ್ತು ಸಂಕೇತದ ಸ್ಕ್ರೀನ್‌ಶಾಟ್ ಹಿಡಿದು ಹೋದೆ. ಕೊಳವೆ ರಬ್ಬರಿನದು, ರಬ್ಬರ್ ಭಾಗಗಳು ಬ್ರೇಕ್ ಪ್ಯಾಡ್, ವೈಪರ್, ಕ್ಲಚ್ ಪ್ಲೇಟುಗಳಂತೆ ವಾರಂಟಿ ಸಿಗದ ಸವಕಳಿಯ ಪಟ್ಟಿಗೆ ಸೇರುತ್ತವೆ ಎಂದು ಅಲ್ಲಿಯೂ ಒಂದು ತಗಾದೆ ಎದ್ದಿತು. ವಾರಂಟಿ ಪುಸ್ತಿಕೆಯ ಆ ಪಟ್ಟಿಯನ್ನೇ ತೆರೆದಿಟ್ಟು, ಇಂಟರ್‌ಕೂಲರ್ ಕೊಳವೆಯ ಹೆಸರು ಎಲ್ಲಿದೆ ತೋರಿಸಿ ಎಂದು ಕೇಳಿದೆ. ಇರಲಿಲ್ಲ. ಕೊಳವೆಯೊಳಗೆ ಗಾಳಿ ತುಂಬಿ ಪರೀಕ್ಷಿಸಿದಾಗ, ತುದಿಯ ಪ್ಲಾಸ್ಟಿಕ್ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಮತ್ತೆ ಫೋಟೊ, ಮತ್ತೆ ಮೇಲಿನವರ ಅನುಮತಿ, ಮತ್ತೆ ಊರ ಹೊರಗಿನ ಡಿಪೊದಿಂದ ಬರಬೇಕಾದ ಬಿಡಿಭಾಗ. ಕಡಲೆ ಬಿತ್ತನೆಯ ಹೊತ್ತಿಗೆ ಶುರುವಾದ ಈ ಓಡಾಟ ಮುಗಿಯುವಷ್ಟರಲ್ಲಿ ಹೊಲದಲ್ಲಿ ಕಡಲೆ ಹೂ ಬಿಟ್ಟಿತ್ತು. ದುಡ್ಡು ಕೇಳಲಿಲ್ಲ, ದೋಷವೂ ಮರಳಲಿಲ್ಲ. ಹೋದದ್ದು ಸಮಯ ಮತ್ತು ರಜೆಗಳು.

ಅಣ್ಣನ ಗಾಡಿಗೂ ರೋಗ ಬರಲಿಲ್ಲವೆಂದಲ್ಲ. ಹೊಸದರಲ್ಲೇ ಹಂಪುಗಳ ಮೇಲೆ ಮುಂದಿನ ಬಲಚಕ್ರದ ಕಡೆ ಟಕ್ ಟಕ್ ಎನ್ನುತ್ತಿತ್ತು. ಗದಗಿನಲ್ಲೇ ತೋರಿಸಿದ, ಮೆಕ್ಯಾನಿಕ್ ಪಕ್ಕದಲ್ಲಿ ಕುಳಿತು ಒಂದು ಸುತ್ತು ಹೋಗಿ ಬಂದು, ಸಸ್ಪೆನ್ಷನ್ನಿನ ಲಿಂಕ್ ರಾಡ್ ಎಂದು ಹೇಳಿ, ಅಲ್ಲಿಯ ಸ್ಟೋರಿನಲ್ಲೇ ಇದ್ದದ್ದನ್ನು ವಾರಂಟಿಯಲ್ಲಿ ಹಾಕಿಕೊಟ್ಟ. ಊಟದ ಹೊತ್ತಿಗೆ ಗಾಡಿ ಮನೆಯಲ್ಲಿತ್ತು. ಶೋರೂಮಿನಲ್ಲಿ ನನಗೆ ಹೆಚ್ಚು ವರ್ಷಗಳ ವಾರಂಟಿ ಎಂದು ಹೇಳಿ ಮಾರಿದ್ದರು. ಅಣ್ಣನದಕ್ಕೆ ಅಷ್ಟು ವರ್ಷಗಳಿಲ್ಲ. ಆದರೆ ಅವನ ಗಾಡಿಯ ವಿಷಯದಲ್ಲಿ ನಿರ್ಧಾರ ಅವನ ಊರಿನಲ್ಲೇ ಆಗುತ್ತದೆ, ನನ್ನದು ಪ್ರತಿ ಸಲ ಬೇರೆ ಊರಿನ ಯಾರದೋ ಮೇಜಿನ ಮೇಲೆ ಕೂರುತ್ತದೆ. ನನ್ನ ದೃಷ್ಟಿಯಲ್ಲಿ ಎರಡು ಗಾಡಿಗಳ ನಡುವಿನ ನಿಜವಾದ ಅಂತರ ಇದೇ.

ಟರ್ಬೊ ಕೊಂಡು ಇಂಥದೇ ತಾಪತ್ರಯದಲ್ಲಿರುವವರು ಜಾಬ್ ಕಾರ್ಡಿನಲ್ಲಿ ದೂರನ್ನು ತಮ್ಮ ಮಾತಿನಲ್ಲೇ ಬರೆಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು. "ಜನರಲ್ ಚೆಕಪ್" ಎಂದು ಬರೆದ ಕಾರ್ಡು ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ಗಾಡಿಯನ್ನು ಎಲ್ಲಿಯೇ ಕೊಂಡಿದ್ದರೂ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ ಐದರಿಂದ ಹತ್ತು ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ. ನಾನು ಅಲ್ಲಿಯವರೆಗೆ ಹೋಗಲಿಲ್ಲ, ಆದರೆ ಇಮೇಲಿನಲ್ಲಿ ಆ ಕಾಯ್ದೆಯ ಹೆಸರು ಬರೆದ ಮೇಲೆ ಉತ್ತರಗಳು ಬೇಗ ಬರತೊಡಗಿದ್ದು ನಿಜ.

ಡ್ಯಾಶ್‌ಬೋರ್ಡಿನ ಕಿರಿಕಿರಿ ಸದ್ದು ಎರಡರಲ್ಲೂ ಇದೆ. ಸೀಟು ನನ್ನದರಲ್ಲಿ ಮೇಲು. ಹಾರ್ನ್ ಅಣ್ಣನದು ಗಟ್ಟಿ.

ಖರ್ಚಿಗೆ ಬಂದರೆ, ನಾನು ಟರ್ಬೊಗೆಂದು ಕೊಟ್ಟ ಹೆಚ್ಚಿನ ಮೊತ್ತ ಒಂದು ಲಕ್ಷ ದಾಟುತ್ತದೆ; ಅಷ್ಟರಲ್ಲಿ ಸಾದಾ ಗಾಡಿಯ ಹಲವು ವರ್ಷಗಳ ಸರ್ವಿಸ್ ಮತ್ತು ಒಂದು ಸೆಟ್ ಟಯರು ಆಗಿಬಿಡುತ್ತವೆ. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವಂಥದ್ದು, ಅದರ ಬೇರಿಂಗಿಗೆ ಎಂಜಿನ್ ಆಯಿಲ್ಲೇ ಆಧಾರ. ಆದ್ದರಿಂದ ಹೇಳಿದ ದರ್ಜೆಯ ಸಿಂಥೆಟಿಕ್ ಆಯಿಲನ್ನು ಹೇಳಿದ ಅವಧಿಯಲ್ಲೇ ಬದಲಿಸಬೇಕು, ಜೋರಾಗಿ ಓಡಿಸಿ ಬಂದ ಕೂಡಲೇ ಎಂಜಿನ್ ಆರಿಸದೆ ತುಸು ಹೊತ್ತು ಓಡಲು ಬಿಡಬೇಕು. ಸುಗ್ಗಿಯ ಕಾಲದಲ್ಲಿ ಸರ್ವಿಸನ್ನು ತಿಂಗಳುಗಟ್ಟಲೆ ಮುಂದೂಡುವ ಮತ್ತು ಗಾಡಿ ನಿಂತ ಕೂಡಲೇ ಕೀಲಿ ತಿರುಗಿಸುವ ನಮ್ಮ ಮನೆಯ ರೂಢಿಗೆ ಇದು ಹೊಂದುವುದಿಲ್ಲ. ತಿಂಗಳಿಗೊಮ್ಮೆಯಾದರೂ ಗೋವೆಗೋ ಕಾರವಾರಕ್ಕೋ ಹೋಗುವವರು, ಬೆಳಗಾವಿ-ಹಾವೇರಿ ಹೆದ್ದಾರಿಯಲ್ಲೇ ದಿನ ಕಳೆಯುವವರು ಟರ್ಬೊ ಕೊಂಡರೆ ನಾನು ಬೇಡವೆನ್ನಲಾರೆ.

ವಿಚಿತ್ರವೆಂದರೆ, ನನ್ನ ಗಾಡಿಯನ್ನು ರಿಪೇರಿಯ ನಂತರ ಅಂಕೋಲೆಗೆ ಒಯ್ದು ಬಂದ ಅಣ್ಣನಿಗೆ ಅದೇ ಬೇಕಾಗಿದೆ. "ನಿಂಗ ಬ್ಯಾಡಾಗಿದ್ರ ನನಗ ಕೊಡು, ಮ್ಯಾಲಿನ ರೊಕ್ಕ ನಾ ಕೊಡ್ತೇನಿ" ಎನ್ನುತ್ತಾನೆ. ನನಗೂ ಒಪ್ಪಿಗೆಯೇ. ಆರ್‌ಸಿ ವರ್ಗಾವಣೆಯಾದರೆ ಉಳಿದ ವಾರಂಟಿಯೂ ಅವನ ಹೆಸರಿಗೆ ಹೋಗುತ್ತದೆಯೇ ಎಂದು ಡೀಲರಿಗೆ ಬರಹದಲ್ಲಿ ಕೇಳಿದ್ದೇನೆ. ಮೇಲಿನವರನ್ನು ಕೇಳಿ ತಿಳಿಸುವುದಾಗಿ ಹೇಳಿದ್ದಾರೆ.