ಮಕ್ಕಳಿಗೆ ಗ್ರೀಕ್ ಪುರಾಣ: ಐದು ಪುಸ್ತಕ, ನಕ್ಸೊಸ್ ದ್ವೀಪದ ಒಂದು ಪರೀಕ್ಷೆ

ಮಕ್ಕಳಿಗೆ ಗ್ರೀಕ್ ಪುರಾಣ ಓದಿ ಹೇಳಬೇಕೆಂದರೆ ನನ್ನ ಕೈ ಮೊದಲು ಹೋಗುವುದು ಚಾರ್ಲ್ಸ್ ಕಿಂಗ್ಸ್ಲಿಯ ‘ದಿ ಹೀರೋಸ್’ (1856) ಕಡೆಗೇ. ಅದರ ಪಕ್ಕದಲ್ಲಿಟ್ಟು ಓದಿ ನೋಡಿದವು ಇವು: ನಥಾನಿಯಲ್ ಹಾಥಾರ್ನ್‌ನ ‘ಎ ವಂಡರ್ ಬುಕ್’ ಮತ್ತು ಅದರ ಮುಂದುವರಿಕೆ ‘ಟ್ಯಾಂಗಲ್‌ವುಡ್ ಟೇಲ್ಸ್’ (1853), ರೋಜರ್ ಲ್ಯಾನ್ಸ್ಲಿನ್ ಗ್ರೀನ್‌ನ ‘ಟೇಲ್ಸ್ ಆಫ್ ದ ಗ್ರೀಕ್ ಹೀರೋಸ್’ (1958), ಡೊಲೇರ್ ದಂಪತಿಯ ದೊಡ್ಡ ಚಿತ್ರಪುಸ್ತಕ (1962). ಎಲ್ಲವೂ ಇಂಗ್ಲಿಷಿನವು. ಗಟ್ಟಿಯಾಗಿ ಒಂದು ಪ್ಯಾರಾ ಓದಿ, ಅದನ್ನೇ ಕನ್ನಡದಲ್ಲಿ ಹೇಳುವುದು ನನ್ನ ಅಭ್ಯಾಸ. ಕೇಳುವವರು ಎಂಟರಿಂದ ಹನ್ನೆರಡು ವರ್ಷದವರು. ಪುಸ್ತಕವನ್ನು ಮಕ್ಕಳ ಕೈಗೇ ಕೊಟ್ಟುಬಿಡುವವರ ಲೆಕ್ಕ ಬೇರೆ.

ಹಾಥಾರ್ನ್‌ನ ಭಾಷೆ ಚೆಂದ, ಕಥೆ ಹೇಳುವ ಸಲೀಸು ಇನ್ನೂ ಚೆಂದ. ತೊಂದರೆ ಇರುವುದು ಅವನು ಕಥೆಯನ್ನೇ ತಿದ್ದುವುದರಲ್ಲಿ. ಥೀಸಿಯಸ್‌ನ ಕಥೆಯನ್ನೇ ತೆಗೆದುಕೊಳ್ಳಿ. ಅಥೆನ್ಸ್‌ನಿಂದ ಏಳು ಹುಡುಗರು, ಏಳು ಹುಡುಗಿಯರು ಅರ್ಧ ಗೂಳಿ ಅರ್ಧ ಮನುಷ್ಯನಾದ ಮಿನೊಟಾರ್‌ಗೆ ಆಹಾರವಾಗಿ ಕ್ರೀಟ್‌ಗೆ ಹೋಗಬೇಕು. ಅವರ ಜೊತೆ ಹೋದ ಅಥೆನ್ಸ್‌ನ ರಾಜಕುಮಾರ ಥೀಸಿಯಸ್ ಅಲ್ಲಿನ ರಾಜಕುಮಾರಿ ಅರಿಯಾಡ್ನಿಯ ನೆರವಿನಿಂದ ಮಿನೊಟಾರ್‌ನನ್ನು ಕೊಲ್ಲುತ್ತಾನೆ. ಮೂಲ ಕಥೆಯಲ್ಲಿ ಅವಳು ತಂದೆಯನ್ನೂ ಊರನ್ನೂ ಬಿಟ್ಟು ಅವನ ಹಡಗು ಹತ್ತುತ್ತಾಳೆ. ನಕ್ಸೊಸ್ ದ್ವೀಪದಲ್ಲಿ ನಿದ್ದೆಹೋಗಿದ್ದಾಗ ಅವನು ಅವಳನ್ನು ಅಲ್ಲೇ ಬಿಟ್ಟು ಹೊರಡುತ್ತಾನೆ. ಹಾಥಾರ್ನ್‌ನಲ್ಲಿ ಅರಿಯಾಡ್ನಿ ಹಡಗು ಹತ್ತುವುದೇ ಇಲ್ಲ. ಅಪ್ಪನಿಗೆ ವಯಸ್ಸಾಗಿದೆ, ನನ್ನನ್ನು ಬಿಟ್ಟರೆ ಅವನಿಗೆ ಯಾರೂ ಇಲ್ಲ ಎಂದು ಕ್ರೀಟ್‌ನಲ್ಲೇ ಉಳಿಯುತ್ತಾಳೆ. ಅಷ್ಟಕ್ಕೇ ಬಿಡದೆ, ನಕ್ಸೊಸ್ ಕಥೆ ಹೇಳುವವರೆಲ್ಲ ಕೀಳು ಬುದ್ಧಿಯವರು ಎಂದೂ ಹಾಥಾರ್ನ್ ಸೇರಿಸುತ್ತಾನೆ.

ಇದು ಒಂದು ಸಣ್ಣ ಬದಲಾವಣೆಯಲ್ಲಿ ಮುಗಿಯುವುದಿಲ್ಲ. ಗೆದ್ದು ಬಂದರೆ ಕಪ್ಪು ಹಾಯಿ ಇಳಿಸಿ ಬಿಳಿ ಹಾಯಿ ಏರಿಸುತ್ತೇನೆ ಎಂದು ಥೀಸಿಯಸ್ ತಂದೆ ಈಜಿಯಸ್‌ಗೆ ಮಾತು ಕೊಟ್ಟಿರುತ್ತಾನೆ. ಮರೆಯುತ್ತಾನೆ. ದೂರದಿಂದ ಕಪ್ಪು ಹಾಯಿ ಕಂಡ ಮುದುಕ ಮಗ ಸತ್ತನೆಂದೇ ತಿಳಿದು ಸಮುದ್ರಕ್ಕೆ ಬೀಳುತ್ತಾನೆ. ಯಾಕೆ ಮರೆತ? ಹಾಥಾರ್ನ್‌ನಲ್ಲಿ ಉತ್ತರ: ಗೆದ್ದ ಖುಷಿ, ಕುಣಿತ, ಆಟ. ಇಷ್ಟು ದೊಡ್ಡ ಸಾವಿಗೆ ಇಷ್ಟು ಹಗುರವಾದ ಕಾರಣವೇ ಎಂದು ಮಕ್ಕಳಿಗೆ ಕಸಿವಿಸಿಯಾಗುತ್ತದೆ. ಅದೇ ಜಾಗದಲ್ಲಿ ಕಿಂಗ್ಸ್ಲಿ, ಥೀಸಿಯಸ್ ಅರಿಯಾಡ್ನಿಯನ್ನು ನಿದ್ದೆಯಲ್ಲೇ ಬಿಟ್ಟುಹೋದ ಎಂದು ಕೆಲವರು, ಮದ್ಯದ ದೇವರು ಡಯೊನೈಸಸ್ ಅವಳನ್ನು ಬಲವಂತವಾಗಿ ಕಿತ್ತುಕೊಂಡ ಎಂದು ಕೆಲವರು ಹೇಳುತ್ತಾರೆ ಎಂದು ಎರಡೂ ಮಾತನ್ನು ಮುಂದಿಡುತ್ತಾನೆ. ಅವಸರವೋ ದುಃಖವೋ, ಹಾಯಿ ಮಾತ್ರ ಮರೆತುಹೋಯಿತು. ಈಗ ಮರೆವಿಗೊಂದು ತೂಕ ಬಂತು. ಮಹಾಭಾರತ ಕೇಳಿ ಬೆಳೆದ ಮಕ್ಕಳಿಗೆ ತಪ್ಪು ಮಾಡುವ ವೀರರು ಹೊಸಬರಲ್ಲ. ಥೀಸಿಯಸ್‌ನನ್ನು ತೊಳೆದು ಶುಭ್ರ ಮಾಡುವ ಅಗತ್ಯವೇ ಇಲ್ಲ.

ಪಂಡೋರಾ ಕಥೆಗೂ ಇದೇ ಗತಿ. ಪ್ರಾಚೀನ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಪ್ರಮೀಥಿಯಸ್ ಬೆಂಕಿ ಕದ್ದದ್ದಕ್ಕೆ ಸಿಟ್ಟಾದ ದೇವರಾಜ ಜ್ಯೂಸ್ ಸೇಡಿಗಾಗಿ ಪಂಡೋರಾಳನ್ನು ಮಾಡಿಸಿ ಕಳಿಸುತ್ತಾನೆ. ಅವಳು ಜಾಡಿ ತೆರೆದಾಗ ಕೇಡುಗಳೆಲ್ಲ ಹೊರಬಿದ್ದು, ಕೊನೆಗೆ ಆಸೆ ಮಾತ್ರ ಒಳಗೇ ಉಳಿಯುತ್ತದೆ. ಹಾಥಾರ್ನ್‌ನಲ್ಲಿ ಪಂಡೋರಾ ಮತ್ತು ಎಪಿಮೀಥಿಯಸ್ ಇಬ್ಬರೂ ಚಿಕ್ಕ ಮಕ್ಕಳು. ಪೆಟ್ಟಿಗೆ ಎರಡನೇ ಸಲ ತೆರೆದಾಗ ಆಸೆ ಹೊರಗೇ ಹಾರಿಬರುತ್ತದೆ. ಬೆಂಕಿಯ ಕಳ್ಳತನ ಮಾಯ. ಮುಂದೆ ಕಾಕಸಸ್ ಬೆಟ್ಟದಲ್ಲಿ ಸರಪಳಿ ಹಾಕಿಸಿಕೊಂಡವನನ್ನು ಹೆರಾಕ್ಲೀಸ್ ಬಿಡಿಸುವ ಕಥೆ ಬಂದಾಗ, ಆ ಕೈದಿ ಪ್ರಮೀಥಿಯಸ್ ಯಾರು, ಏನು ಮಾಡಿದ್ದ ಎಂಬುದನ್ನೆಲ್ಲ ನಾವೇ ಮೊದಲಿನಿಂದ ಹೇಳಬೇಕು.

ಜೊತೆಗೆ ಹಾಥಾರ್ನ್‌ನದು ರೋಮನ್ ಹೆಸರುಗಳು: ಬೆಳೆಯ ದೇವತೆ ಡಿಮೀಟರ್ ಅಲ್ಲಿ ಸೀರೀಸ್, ಅವಳ ಮಗಳು ಪರ್ಸೆಫೊನಿ ಪ್ರೊಸರ್ಪಿನಾ, ದೇವದೂತ ಹರ್ಮೀಸ್ ಅಂತೂ ಕ್ವಿಕ್‌ಸಿಲ್ವರ್. ಬೇರೆ ಪುಸ್ತಕದ ಜೊತೆ ಬೆರೆಸಿ ಓದುವುದಾದರೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಗ್ರೀಕ್ ಹೆಸರು ಬರೆದಿಟ್ಟುಕೊಳ್ಳಿ. ಓದುವಾಗ ಬದಲಿಸಿಕೊಳ್ಳುತ್ತೇನೆ ಅಂದುಕೊಂಡರೆ ನಡುವೆ ನಾಲಿಗೆ ತೊಡರುತ್ತದೆ.

ಪಾತಾಳದಲ್ಲಿ ಪರ್ಸೆಫೊನಿ ತಿಂದ ದಾಳಿಂಬೆ ಬೀಜದ ಲೆಕ್ಕಕ್ಕೆ ಮಾತ್ರ ಯಾರನ್ನೂ ದೂರಬೇಡಿ. ಡಿಮೀಟರ್‌ನ ಪ್ರಾಚೀನ ಸ್ತೋತ್ರದಲ್ಲಿ ಒಂದು ಬೀಜ, ವರ್ಷದ ಮೂರನೇ ಒಂದು ಭಾಗ ಪಾತಾಳವಾಸ. ರೋಮನ್ ಕವಿ ಓವಿಡ್‌ನಲ್ಲಿ ಏಳು ಬೀಜ, ಅರ್ಧ ವರ್ಷ. ಹಾಥಾರ್ನ್‌ನಲ್ಲಿ ಆರು ಬೀಜ, ಆರು ತಿಂಗಳು. ಮೂಲದಲ್ಲೇ ಭೇದವಿದೆ.

ಹಾಥಾರ್ನ್‌ನಿಂದ ನಾನು ಬಿಡದೆ ಓದುವುದು, ಮುಟ್ಟಿದ್ದೆಲ್ಲ ಚಿನ್ನವಾಗುವ ವರ ಪಡೆದ ರಾಜ ಮೈಡಾಸ್‌ನ ಕಥೆ. ಮುಟ್ಟಿದ ಮಗಳು ಚಿನ್ನದ ಗೊಂಬೆಯಾಗುವ ಆ ಪುಟ ಅವನ ಸ್ವಂತ ಸೇರ್ಪಡೆ, ಓವಿಡ್‌ನಲ್ಲಿ ಮಗಳೇ ಇಲ್ಲ. ಆದರೆ ಈ ಕಥೆಗೆ ಹಿಂದೆ ಮುಂದೆ ಕೊಂಡಿಗಳಿಲ್ಲ, ಹಾಗಾಗಿ ಸೇರಿಸಿದ್ದರಿಂದ ಯಾವುದೂ ಮುರಿಯುವುದಿಲ್ಲ. ಕೇಳುವ ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ.

ಕಿಂಗ್ಸ್ಲಿ ಮಕ್ಕಳಿಗೆ ಹೇಳಬಾರದ್ದನ್ನು ಹೇಗೆ ದಾಟುತ್ತಾನೆ ನೋಡಿ. ವೀರ ಪರ್ಸಿಯಸ್ ಹುಟ್ಟುವಾಗ ಜ್ಯೂಸ್ ಚಿನ್ನದ ಮಳೆಯಾಗಿ ಬಂದ ಮಾತಿಲ್ಲ; ತಾಯಿ ಡನಾಯಿಗೆ ಮಗು ಹುಟ್ಟಿತು ಅಷ್ಟೇ. ಮಂತ್ರಗಾತಿ ಮೀಡಿಯಾ ಕೊನೆಗೆ ಗಂಡ ಜೇಸನ್ ಮೇಲೆ ತೀರಿಸಿಕೊಂಡ ಸೇಡು ಇಲ್ಲಿ ಹೇಳಲಾರದಷ್ಟು ಭಯಂಕರ, ದೊಡ್ಡವರಾದ ಮೇಲೆ ನೀವೇ ತಿಳಿಯುತ್ತೀರಿ ಎಂದು ಮಕ್ಕಳಿಗೇ ನೇರವಾಗಿ ಹೇಳಿ ಮುಂದೆ ಹೋಗುತ್ತಾನೆ. ಸುಳ್ಳು ಹೇಳಲಿಲ್ಲ, ಮುಂದಕ್ಕೆ ಹಾಕಿದ, ಅಷ್ಟೇ. ಹತ್ತು ವರ್ಷ ಬಿಟ್ಟು ಮೀಡಿಯಾಳ ಮೇಲೆ ಯೂರಿಪಿಡೀಸ್ ಬರೆದ ಗ್ರೀಕ್ ನಾಟಕ ಓದುವ ಹುಡುಗಿಗೆ ಕಿಂಗ್ಸ್ಲಿ ಮೋಸ ಮಾಡಿದ ಅನ್ನಿಸುವುದಿಲ್ಲ.

ಅನುಕೂಲಗಳೂ ಇವೆ. ಪರ್ಸಿಯಸ್ ಐದು ಭಾಗ, ಆರ್ಗೊನಾಟರು (ಜೇಸನ್ ಜೊತೆ ಆರ್ಗೊ ಹಡಗಿನಲ್ಲಿ ಹೋದ ವೀರರು) ಆರು, ಥೀಸಿಯಸ್ ನಾಲ್ಕು. ಒಂದೊಂದು ಭಾಗವೂ ನಿಲ್ಲಿಸಲು ಒಳ್ಳೆಯ ಜಾಗದಲ್ಲಿ ನಿಲ್ಲುತ್ತದೆ. ಆರ್ಗೊನಾಟರ ಕೆಲವು ಭಾಗ ಉದ್ದ, ಅವನ್ನು ಎರಡು ರಾತ್ರಿಗೆ ಹಂಚಿ. ಒಂದಕ್ಕೊಂದು ಪೋಣಿಸಿದ ಅವನ ವಾಕ್ಯಗಳು ‘ಹೋಗಿ, ನೋಡಿ, ಎತ್ತಿಕೊಂಡು’ ಎಂದು ಸಾಗುವ ನಮ್ಮ ಕಥೆ ಹೇಳುವ ಧಾಟಿಗೆ ಸುಲಭವಾಗಿ ಇಳಿಯುತ್ತವೆ. ಡನಾಯಿ ಮತ್ತು ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ಬಿಡುವಲ್ಲಿಗೆ ಬಂದರೆ ಯಾರಾದರೂ ಒಬ್ಬರು ಕರ್ಣನ ಹೆಸರು ಹೇಳಿಯೇ ಹೇಳುತ್ತಾರೆ.

ಕೊರತೆ ಎರಡು. ಮುನ್ನುಡಿ ಪೂರ್ತಿ ಕ್ರೈಸ್ತ ಉಪದೇಶ, ಅದನ್ನು ಬಿಟ್ಟು ನೇರ ಕಥೆಗೆ ಬನ್ನಿ. ಇರುವುದು ಮೂರೇ ಕಥೆ: ಕ್ರೋನೊಸ್, ಜ್ಯೂಸ್ ಇವರ ಹುಟ್ಟಿನ ಕಥೆಯಿಲ್ಲ, ಹೆರಾಕ್ಲೀಸ್‌ಗೆ ತನ್ನದೇ ಕಥೆಯಿಲ್ಲ.

ಆ ಕೊರತೆ ತುಂಬುವುದು ಗ್ರೀನ್. ದೇವತೆಗಳ ಹುಟ್ಟಿನಿಂದ ದೈತ್ಯರ ಯುದ್ಧದವರೆಗೆ ಎಲ್ಲವನ್ನೂ ಒಂದೇ ಇತಿಹಾಸವೆಂಬಂತೆ ಹೇಳುತ್ತಾನೆ. ಪರ್ಸಿಯಸ್ ಮುಗಿದ ಕೂಡಲೇ ಅವನ ಮರಿಮಗ ಹೆರಾಕ್ಲೀಸ್‌ನ ಜನನ. ಆದರೆ ಹೆಸರುಗಳ ದಟ್ಟಣೆ ಜಾಸ್ತಿ. ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದು ಎದುರಿಗಿಟ್ಟುಕೊಂಡೇ ಶುರು ಮಾಡಬೇಕು. ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಭಾರ.

ಡೊಲೇರ್ ಪುಸ್ತಕ ಚಿತ್ರಗಳಿಗಾಗಿ. ಪಕ್ಕದಲ್ಲಿ ಕೂತು ನೋಡುವ ಇಬ್ಬರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಹತ್ತು ಮಕ್ಕಳ ಗುಂಪಿಗೆ ಚಿತ್ರ ಕಾಣುವುದಿಲ್ಲ. ಆಮದು ಪುಸ್ತಕ, ಬೆಲೆಯೂ ಜಾಸ್ತಿ.

ಕಿಂಗ್ಸ್ಲಿ, ಹಾಥಾರ್ನ್ ಇಬ್ಬರ ಪಠ್ಯವೂ ಹಕ್ಕುಸ್ವಾಮ್ಯ ಮುಗಿದು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿವೆ. ಅದನ್ನೇ ಅಚ್ಚು ಹಾಕಿ ಮಾರುವ ಅಗ್ಗದ ಪ್ರತಿಗಳಲ್ಲಿ ಭಾಗದ ತಲೆಬರಹ ಮಾಯವಾಗಿ, ಸಾಲುಗಳು ನಡುವೆ ತುಂಡಾಗಿ, ಹಳೆಯ ಪುಟಸಂಖ್ಯೆ ವಾಕ್ಯದೊಳಗೇ ಬಂದು ಕೂತಿರುತ್ತದೆ. ಗಟ್ಟಿಯಾಗಿ ಓದುವವರಿಗೆ ಅದು ನರಕ. ‘ಸಂಕ್ಷಿಪ್ತ’ ಎಂದಿರುವ ಪ್ರತಿ ಕೊಳ್ಳುವ ಮುನ್ನ ನಕ್ಸೊಸ್ ದ್ವೀಪದ ಪುಟ ತೆರೆದು ನೋಡಿ. ಅರಿಯಾಡ್ನಿಯ ವಿಷಯ ಅಲ್ಲಿ ಹಾರಿಸಿದ್ದರೆ ಬೇರೆ ಕಡೆಯೂ ಹಾರಿಸಿರುತ್ತಾರೆ.

ಹಾಗಾಗಿ ಕಿಂಗ್ಸ್ಲಿಯನ್ನು ಉಚಿತವಾಗಿ ಇಳಿಸಿಕೊಂಡು, ಉಳಿದ ದುಡ್ಡಿಗೆ ಗ್ರೀನ್ ಕೊಳ್ಳುವುದು ನನ್ನ ತೀರ್ಮಾನ. ಓದುವ ಕ್ರಮ: ಮೊದಲು ಕಿಂಗ್ಸ್ಲಿಯ ಪರ್ಸಿಯಸ್, ಆಮೇಲೆ ಗ್ರೀನ್‌ನಿಂದ ಪ್ರಮೀಥಿಯಸ್ ಮತ್ತು ಹೆರಾಕ್ಲೀಸ್, ಮತ್ತೆ ಕಿಂಗ್ಸ್ಲಿಗೆ ಬಂದು ಆರ್ಗೊನಾಟರು. ಆರ್ಗೊ ಹಡಗಿನಲ್ಲಿ ಹೆರಾಕ್ಲೀಸ್ ಸ್ವಲ್ಪ ದೂರದವರೆಗೆ ಜೊತೆಗೆ ಬರುತ್ತಾನೆ, ಅವನ ಪರಿಚಯ ಆಗಿರಬೇಕು. ಥೀಸಿಯಸ್ ಕೊನೆಗೇ ಇರಲಿ, ಯಾಕೆಂದರೆ ಅಥೆನ್ಸ್‌ನ ಅರಮನೆಯಲ್ಲಿ ಅವನಿಗೆ ವಿಷ ಕುಡಿಸಲು ನೋಡುವವಳು ಅದೇ ಮೀಡಿಯಾ.