ಮಕ್ಕಳ ಸಮಸ್ಯೆ: ಎಸ್‌ಡಿಎಂಸಿಗೆ ಹೇಳಬೇಕೋ, ಶಾಸಕರಿಗೋ?

ಕೊಡಗಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಸರಿಯಿಲ್ಲ, ಶೌಚಾಲಯ ಕೆಟ್ಟಿದೆ ಎಂದಾದರೆ ಮೊದಲು ಎಸ್‌ಡಿಎಂಸಿಗೇ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೇ ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಹತ್ತಿರದ ದಾರಿ ಅದು.

ಆದರೆ ಮಕ್ಕಳ ಮನಸ್ಸಿನ ಕಷ್ಟ ಕೇಳಲು ಆಪ್ತಸಮಾಲೋಚಕರು ಬೇಕು ಅಂದ್ರೆ? ಹುದ್ದೆ, ಹಣ ಎರಡೂ ರಾಜ್ಯದ ಕೈಯಲ್ಲಿದೆ. ಆಗ ಮಡಿಕೇರಿ ಅಥವಾ ವಿರಾಜಪೇಟೆಯ ಶಾಸಕರೇ ಸರಿ. ಅವರು ಸದನದಲ್ಲಿ ಪ್ರಶ್ನೆ ಎತ್ತಿದರೆ ಸಚಿವರ ಉತ್ತರ ಕಡತದಲ್ಲಿ ಉಳಿಯುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ, ನಿಜ.

ಮೂರನೆಯವರನ್ನು ಹೆಚ್ಚಿನವರು ಮರೆಯುತ್ತಾರೆ: ವಿಧಾನ ಪರಿಷತ್ತಿನ ನೈಋತ್ಯ ಶಿಕ್ಷಕರ ಕ್ಷೇತ್ರದ ಸದಸ್ಯರು. ಅವರಿಗೆ ಮತ ಹಾಕುವವರೇ ಶಿಕ್ಷಕರು, ಅಲ್ವಾ? ಶಿಕ್ಷಕರ ಕೊರತೆಯ ಮಾತಾದರೆ ನಾನು ಮೊದಲು ಅವರಿಗೇ ಪತ್ರ ಬರೆಯುತ್ತೇನೆ.