ಹತ್ತು ಶನಿವಾರ, ಒಂದು ಸಿದ್ಧಾಂತ ತರಗತಿ: ಹೋಗಿಬಂದವನ ಅಭಿಪ್ರಾಯ

ಬೆಂಗಳೂರಿನ ನಡುಭಾಗದಲ್ಲಿರುವ ಹಳೆಯ ಪ್ರಾಟೆಸ್ಟೆಂಟ್ ಸಭೆಯೊಂದು ಕಳೆದ ಮಳೆಗಾಲದಲ್ಲಿ ಕ್ರೈಸ್ತ ಸಿದ್ಧಾಂತಗಳ ಬಗ್ಗೆ ಕನ್ನಡದಲ್ಲಿ ನಡೆಸಿದ ತರಗತಿಗೆ ನಾನು ಹತ್ತು ಶನಿವಾರ ತಪ್ಪದೆ ಹೋಗಿಬಂದೆ. ಶುಲ್ಕ 600 ರೂಪಾಯಿ. ಟಿಪ್ಪಣಿ ಪುಸ್ತಕ, ಚಹಾ, ಬನ್ನು ಎಲ್ಲವೂ ಅದರಲ್ಲೇ ಸೇರಿದ್ದವು. ಈ ಊರಿನಲ್ಲಿ ದೈವಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿಯಲು ಬೇಕಾದಷ್ಟು ಅವಕಾಶವಿದೆ. 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇಲ್ಲಿಯೇ ಇದೆ. ಆದರೆ ಕನ್ನಡದಲ್ಲಿ ಪ್ರಾರ್ಥಿಸುವ ಸಾಮಾನ್ಯ ಸಭಿಕನಿಗೆ ತನ್ನ ನಂಬಿಕೆಯನ್ನು ಕನ್ನಡದಲ್ಲಿಯೇ ಕ್ರಮವಾಗಿ ಯೋಚಿಸಲು ಕಲಿಸುವ ಕಡೆ ವಿರಳವಾದ್ದರಿಂದ ಕುತೂಹಲದಿಂದಲೇ ಸೇರಿದೆ.

ಪಾಠ ಹೇಳಿದವರು ನಿವೃತ್ತ ಸಭಾಪಾಲಕರು. ಮೊದಲ ವಾರ ಸತ್ಯವೇದದ (ಬೈಬಲಿನ) ಅಧಿಕಾರದ ಬಗ್ಗೆ: 66 ಪುಸ್ತಕಗಳೇ ಅಂತಿಮ ಪ್ರಮಾಣ ಎಂದರೆ ಸಭೆಯ ಪರಂಪರೆಗೆ ಬೆಲೆಯಿಲ್ಲವೆಂದಲ್ಲ, ಪರಂಪರೆಯನ್ನೂ ಸತ್ಯವೇದದಿಂದಲೇ ತೂಗಿ ನೋಡಬೇಕೆಂದು ಅರ್ಥ ಎಂದು ಅವರು ಬಿಡಿಸಿ ಹೇಳಿದರು. ಎರಡನೆಯ ವಾರ ತ್ರಿಯೇಕ ದೇವರ ಪಾಠ, ಅಂದರೆ ತಂದೆ, ಮಗ (ಕ್ರಿಸ್ತ), ಪವಿತ್ರಾತ್ಮ ಮೂವರಾದರೂ ದೇವರು ಒಬ್ಬನೇ ಎಂಬ ನಂಬಿಕೆ. ಸಂಡೇ ಸ್ಕೂಲಿನಲ್ಲಿ ನಮಗೆಲ್ಲ ಕಲಿಸಿದ್ದ ನೀರು, ಮಂಜುಗಡ್ಡೆ, ಆವಿಯ ಹೋಲಿಕೆಯನ್ನು ಅವರು ಆರಂಭದಲ್ಲಿಯೇ ಕೈಬಿಡಿಸಿದರು. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆಂಬ ಆ ಎಣಿಕೆಯನ್ನು ಆದಿ ಸಭೆಯು ಸಬೆಲ್ಲಿಯಸ್ ಎಂಬ ಬೋಧಕನ ಹೆಸರಿನೊಂದಿಗೆ ಸೇರಿಸಿ ಎಂದೋ ತಳ್ಳಿಹಾಕಿತ್ತಂತೆ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಮಹಾಸಭೆ ಮಗನನ್ನು ತಂದೆಯೊಂದಿಗೆ ಒಂದೇ ತತ್ತ್ವದವನೆಂದು ಏಕೆ ಹೇಳಬೇಕಾಯಿತು, 451ರ ಕಾಲ್ಸಿಡಾನ್ ಮಹಾಸಭೆ ಕ್ರಿಸ್ತನಲ್ಲಿ ದೈವಿಕ, ಮಾನವ ಎಂಬ ಎರಡು ಸ್ವಭಾವಗಳು ಬೆರೆಯದೆಯೂ ಬೇರ್ಪಡದೆಯೂ ಇವೆಯೆಂದು ಏಕೆ ಒತ್ತಿಹೇಳಿತು ಎಂಬುದು ನನಗೆ ಸ್ಪಷ್ಟವಾದದ್ದು ಅಂದೇ.

ಆದರೆ ಕೊಟ್ಟ ಹಣಕ್ಕೆ ನ್ಯಾಯ ಸಿಕ್ಕಿದ್ದು ಐದು ಮತ್ತು ಆರನೆಯ ವಾರಗಳಲ್ಲಿ. ‘ನೀತಿ’ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ನೀತಿಕಥೆ, ನಡತೆ. ಸತ್ಯವೇದದಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಾದರೋ ಮೂಲಪಿತೃ ಅಬ್ರಹಾಮನ ನಂಬಿಕೆ ಅವನ ಲೆಕ್ಕಕ್ಕೆ ನೀತಿಯೆಂದು, ಅಂದರೆ ದೇವರ ಮುಂದೆ ಸರಿಯಾದವನೆಂಬ ಸ್ಥಾನವೆಂದು, ಎಣಿಕೆಯಾಗುತ್ತದೆ. ಪಾಠ ಹೇಳುತ್ತಿದ್ದ ಅಯ್ಯನವರು ಜೇಬಿನಿಂದ ತಮ್ಮ ಬ್ಯಾಂಕಿನ ಪಾಸ್‌ಬುಕ್ಕನ್ನು ತೆಗೆದು, ಜಮೆಯ ಸಾಲಿನ ಮೇಲೆ ಬೆರಳಿಟ್ಟು, ‘ಇದು ನಾನು ದುಡಿದದ್ದಲ್ಲ, ಮಗ ಹಾಕಿದ್ದು, ಆದರೂ ಲೆಕ್ಕ ನನ್ನದೇ’ ಎಂದರು. ನಂಬಿಕೆಯಿಂದಲೇ ನೀತಿವಂತರೆಂಬ ನಿರ್ಣಯ ಎಂಬ, ಹದಿನಾರನೆಯ ಶತಮಾನದ ಸುಧಾರಕ ಲೂಥರನ ಹಟದ ತಿರುಳು ಅಷ್ಟರಲ್ಲಿಯೇ ಇತ್ತು. ಈ ನಿರ್ಣಯ ಬೇರೆ, ಆಮೇಲೆ ಬದುಕಿನುದ್ದಕ್ಕೂ ನಡತೆ ಪವಿತ್ರವಾಗುತ್ತ ಹೋಗುವ ಶುದ್ಧೀಕರಣ ಬೇರೆ, ಆದರೆ ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂದು ಸೇರಿಸಿದ್ದರಿಂದ, ನಂಬಿದರೆ ಸಾಕು, ಹೇಗೆ ಬೇಕಾದರೂ ಬದುಕಬಹುದೆಂಬ ಅಪಾರ್ಥಕ್ಕೂ ಜಾಗ ಉಳಿಯಲಿಲ್ಲ.

ಮುಂದಿನ ವಾರದ ಪದ ‘ಪ್ರಾಯಶ್ಚಿತ್ತ’: ಮನುಷ್ಯರ ಪಾಪಕ್ಕಾಗಿ ಕ್ರಿಸ್ತನು ಶಿಲುಬೆಯಲ್ಲಿ ಸತ್ತನೆಂಬ ಬೋಧನೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಎದ್ದು, ‘ಅಯ್ಯನವರೇ, ತಪ್ಪು ಮಾಡಿದವನೇ ತಾನೇ ಪ್ರಾಯಶ್ಚಿತ್ತ ಮಾಡಿಕೊಳ್ಳೋದು? ಬೇರೆಯವರು ಮಾಡಿದರೆ ಅದು ನ್ಯಾಯ ಹೇಗಾಗುತ್ತೆ?’ ಎಂದು ಕೇಳಿಬಿಟ್ಟರು. ಅದಕ್ಕೆ ಅಯ್ಯನವರು ಮೊದಲು ಮಧ್ಯಯುಗದ ದೈವಶಾಸ್ತ್ರಜ್ಞ ಆನ್ಸೆಲ್ಮನ ವಾದವನ್ನು ಇಟ್ಟರು: ಪಾಪದ ಸಾಲ ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು, ಆದ್ದರಿಂದ ಎರಡೂ ಆಗಿರುವವನೇ ಬರಬೇಕಾಯಿತು. ಆನ್ಸೆಲ್ಮನು ದೇವರ ಗೌರವಕ್ಕೆ ಬಂದ ಕುಂದನ್ನು ಮುಂದಿಟ್ಟರೆ ಲೂಥರನ ನಂತರದ ಸುಧಾರಕ ಕ್ಯಾಲ್ವಿನನು ಶಿಕ್ಷೆಯನ್ನು ಮುಂದಿಡುತ್ತಾನೆ ಎಂದ ಮೇಲೆ, ಇಲ್ಲಿ ದಾರಿಹೋಕನೊಬ್ಬನನ್ನು ಹಿಡಿದು ದಂಡಿಸಿದ್ದಲ್ಲ, ತೀರ್ಪು ಕೊಟ್ಟವನೇ ದಂಡವನ್ನೂ ಹೊತ್ತದ್ದು ಎಂದರು. ಆಕೆ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ, ಅವರೂ ಒತ್ತಾಯಿಸಲಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಈ ಪ್ರಶ್ನೆ ಇಷ್ಟು ನೇರವಾಗಿ ಏಳುತ್ತಿರಲಿಲ್ಲವೆಂದು ನನ್ನ ಅನಿಸಿಕೆ.

ಕೊರತೆಗಳೂ ಸಣ್ಣವಲ್ಲ. ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆಯು 1547ರಲ್ಲಿ, ನಂಬಿಕೆಯಿಂದಲೇ ನೀತಿವಂತರೆಂಬ ಲೂಥರನ ಬೋಧನೆಯನ್ನು ತಿರಸ್ಕರಿಸಿದ್ದನ್ನು ವಿವರವಾಗಿ ಹೇಳಿದವರು, 1999ರಲ್ಲಿ ಲೂಥರನ್ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ಇದೇ ವಿಷಯದ ಮೇಲೆ ಜಂಟಿ ಹೇಳಿಕೆಗೆ ಸಹಿ ಹಾಕಿದ್ದನ್ನು ಎತ್ತಲೇ ಇಲ್ಲ. ಕ್ಯಾಥೊಲಿಕ್ ನೆರೆಹೊರೆ ಇಷ್ಟಿರುವ ಊರಿನಲ್ಲಿ ಅದು ಬಿಡಬಾರದ ಮಾತು. ದೀಕ್ಷಾಸ್ನಾನ ಮತ್ತು ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಎರಡನ್ನೂ ಒಂದೇ ಸಂಜೆಗೆ ತುರುಕಿದರು. 1529ರಲ್ಲಿ ಜರ್ಮನಿಯ ಮಾರ್ಬರ್ಗಿನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಉಳಿದೆಲ್ಲವನ್ನೂ ಒಪ್ಪಿ, ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತನ ಸಾನ್ನಿಧ್ಯ ಹೇಗೆಂಬಲ್ಲಿ ಬೇರೆಯಾದ ಪ್ರಸಂಗಕ್ಕೇ ಒಂದು ಸಂಜೆ ಬೇಕಿತ್ತು. ಅಂತ್ಯಕಾಲದ ಸಿದ್ಧಾಂತಕ್ಕೆ ಉಳಿದದ್ದು ಅರ್ಧ ಗಂಟೆ, ಅದರಲ್ಲಿಯೂ ಕಾಲು ಭಾಗ ವಂದನಾರ್ಪಣೆ.

ಟಿಪ್ಪಣಿ ಪುಸ್ತಕ ಜೆರಾಕ್ಸ್‌ನ ಜೆರಾಕ್ಸ್. ಒತ್ತಕ್ಷರಗಳು ಮಸಿಯಲ್ಲಿ ಮುಳುಗಿವೆ, ನನ್ನ ಪ್ರತಿಯಲ್ಲಿ ನಾಲ್ಕು ಪುಟಗಳೇ ಇರಲಿಲ್ಲ. ಮುಂದಿನ ತಂಡಕ್ಕೆ ಹೊಸದಾಗಿ ಅಚ್ಚು ಹಾಕಿಸುವುದಾಗಿ ಹೇಳಿದ್ದಾರೆ. ಸೇರುವವರು ಮನೆಯ ಸತ್ಯವೇದವನ್ನು ಒಯ್ಯಲಿ, ಮೊದಲ ಎರಡು ಸಾಲಿನಲ್ಲಿಯೇ ಕುಳಿತುಕೊಳ್ಳಲಿ: ತಗಡಿನ ಚಾವಣಿಯ ಮೇಲೆ ಮಳೆ ಬಿದ್ದರೆ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ.